ಜಾಗ ಬಿಡಿ ಎಂದು ಬಂದಾಗ

(ಸ್ವಸಹಾಯ ಸಂಘಗಳ ಮಹಾಸಂಘದ ವಾರ್ಷಿಕ ಸಭೆಯಲ್ಲಿ ಸಂಸ್ಥೆಯ ಕಾನೂನು ನೆರವು ವಿಭಾಗದ ಸಂಯೋಜಕಿಯವರು ಮಾಡಿದ ಭಾಷಣದ ಬರಹ ರೂಪ)



ಕಾನೂನಿನ ಬಗ್ಗೆ ಅರ್ಧ ಗಂಟೆ ಮಾತಾಡಿ ಎಂದು ಫಾದರ್ ಹೇಳಿದ್ದಾರೆ. ಕಾನೂನು ಅಂದ ಕೂಡಲೇ ಹಿಂದಿನ ಸಾಲಿನವರಿಗೆ ನಿದ್ದೆ ಬರುತ್ತದೆ ಅಂತ ನನಗೆ ಗೊತ್ತುಂಟು. ನನಗೂ ಬರ್ತದೆ. ನಾನು ವಕೀಲೆ ಅಲ್ಲ. ನಮ್ಮ ವಿಭಾಗದಲ್ಲಿ ಇಬ್ಬರು ವಕೀಲರು, ನಾಲ್ಕು ಮಂದಿ ಕಾರ್ಯಕರ್ತೆಯರು ಇದ್ದಾರೆ. ಊರೂರಿಗೆ ಹೋಗುವುದು, ಕಾಗದ ನೋಡುವುದು, ತಾಲೂಕು ಕಚೇರಿಗೆ ಅಲೆಯುವುದು ಕಾರ್ಯಕರ್ತೆಯರ ಕೆಲಸ. ಕೋರ್ಟಿನಲ್ಲಿ ನಿಲ್ಲುವುದು ವಕೀಲರ ಕೆಲಸ. ಇವರೆಲ್ಲರ ಮೇಲ್ವಿಚಾರಣೆ ನನ್ನದು. ಮೇಲ್ವಿಚಾರಣೆ ಅಂದರೆ ಎಂತ ಮಾಡುವುದು ಅಂತ ನನ್ನ ತಾಯಿ ಒಮ್ಮೆ ಕೇಳಿದರು. "ಎಲ್ಲರ ಡೈರಿ ನೋಡಿ ಸಹಿ ಹಾಕುವುದು" ಅಂದೆ. "ಅಷ್ಟಕ್ಕೆ ಸಂಬಳ ಕೊಡ್ತಾರಾ?" ಅಂದರು. ಆ ಸಹಿಯ ವಿಷಯದಿಂದಲೇ ಸುರು ಮಾಡುತ್ತೇನೆ.

ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷ. ಗುಡ್ಡೆಯ ಬದಿಯಲ್ಲಿ ಒಂದು ಮನೆ. ಗಂಡ, ಹೆಂಡತಿ, ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಗಂಡನ ತಂದೆಯ ಕಾಲದಿಂದ ಅಲ್ಲಿ ಒಕ್ಕಲು. ಧನಿಗಳು ತೀರಿಕೊಂಡ ಮೇಲೆ ಅವರ ಮಕ್ಕಳು ಪಾಲು ಮಾಡಿಕೊಂಡರು. ಈ ಮನೆ ಇದ್ದ ತುಂಡು ಯಾರ ಪಾಲಿಗೆ ಬಂತೋ ಅವರು ಜಾಗ ಖಾಲಿ ಮಾಡಿ ಅಂದರು. ನಮ್ಮ ಕಾರ್ಯಕರ್ತೆ ಹೋಗಿ ಗಂಡನ ಹತ್ತಿರ ಮಾತಾಡಿ ಬಂದರು. ಎಷ್ಟು ವರ್ಷದಿಂದ ಇದ್ದೀರಿ, ಗೇಣಿ ಎಷ್ಟು ಕೊಡುತ್ತಿದ್ದಿರಿ, ರಶೀದಿ ಉಂಟಾ, ಎಲ್ಲ ಕೇಳಿ ಡೈರಿಯಲ್ಲಿ ಚೆಂದ ಮಾಡಿ ಬರೆದಿದ್ದರು. ಪುಟದ ಕೊನೆಗೆ ಒಂದು ಸಾಲು: "ಅಂಚೆಯಲ್ಲಿ ರಿಜಿಸ್ಟರ್ಡ್ ಕವರ್ ಬಂದಿತ್ತಂತೆ. ತೆಗೆದುಕೊಳ್ಳದೆ ವಾಪಸ್ ಕಳುಹಿಸಿದ್ದಾರೆ."

ಅದು ಶನಿವಾರ ಸಂಜೆ. ನಾಲ್ಕು ಡೈರಿ, ಹತ್ತಿಪ್ಪತ್ತು ಪುಟ. ನನಗೆ ಐದೂವರೆಯ ಬಸ್ಸು ಹಿಡಿಯಬೇಕಿತ್ತು. ಓದದೆ ಸಹಿ ಹಾಕಿದೆ.

ಆ ಕವರ್ ಕೋರ್ಟಿನ ಸಮನ್ಸ್. ತೆಗೆದುಕೊಳ್ಳದಿದ್ದರೆ ಕೇಸು ನಮ್ಮ ಮೇಲೆ ಬರುವುದಿಲ್ಲ ಅಂತ ನಮ್ಮಲ್ಲಿ ತುಂಬ ಜನ ನಂಬಿದ್ದಾರೆ. ಅದು ಪೂರ್ತಿ ತಪ್ಪು. ಬೇಡ ಅಂತ ವಾಪಸ್ ಮಾಡಿದರೆ, ಕವರಿನ ಮೇಲೆ ಅಂಚೆಯವರು "ನಿರಾಕರಿಸಿದ್ದಾರೆ" ಅಂತ ಬರೆದು ಕಳುಹಿಸುತ್ತಾರೆ. ಕೋರ್ಟಿನ ಲೆಕ್ಕದಲ್ಲಿ ಅದು ನಿಮ್ಮ ಕೈಗೆ ಮುಟ್ಟಿದ ಹಾಗೆಯೇ. ಹೇಳಿದ ತಾರೀಕಿಗೆ ನೀವು ಹೋಗಲಿಲ್ಲವೆಂದರೆ, ಒಂದೇ ಕಡೆಯವರ ಮಾತು ಕೇಳಿ ತೀರ್ಪು ಆಗುತ್ತದೆ. ಏಕಪಕ್ಷೀಯ ತೀರ್ಪು ಅಂತ ಅದಕ್ಕೆ ಹೆಸರು. ಈ ಮನೆಯವರಿಗೂ ಹಾಗೆಯೇ ಆಯಿತು. ನಮಗೆ ವಿಷಯ ಗೊತ್ತಾದದ್ದು ಕೋರ್ಟಿನ ಅಮೀನರು ಆರ್ಡರ್ ಹಿಡಿದುಕೊಂಡು ಅಂಗಳಕ್ಕೆ ಬಂದಾಗ. ಅಂಥ ತೀರ್ಪನ್ನು ರದ್ದು ಮಾಡಿ ಅಂತ 30 ದಿನದೊಳಗೆ ಅರ್ಜಿ ಹಾಕಲು ಅವಕಾಶ ಉಂಟು. ಸಮನ್ಸ್ ಸರಿಯಾಗಿ ಜಾರಿಯಾಗದೆ ಇದ್ದರೆ ತೀರ್ಪಿನ ವಿಷಯ ಗೊತ್ತಾದ ದಿನದಿಂದ ಲೆಕ್ಕ. ಹಾಕಿದೆವು. ಆದರೆ ಅಂಚೆಯವರ ಬರಹ ಕೋರ್ಟಿನ ಕಡತದಲ್ಲಿ ಇತ್ತಲ್ಲ. ಅರ್ಜಿ ವಜಾ ಆಯಿತು.

ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದರು. ನಾನು ಅಲ್ಲಿದ್ದೆ. ಪಾತ್ರೆ, ಬಟ್ಟೆ, ಮಕ್ಕಳ ಪುಸ್ತಕ ಎಲ್ಲ ಅಂಗಳದಲ್ಲಿ. ಆ ಮನೆಯ ಹೆಂಗಸು ನನ್ನ ಹತ್ತಿರ ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಹೇಳಿದರು: "ಬಾಯಿ, ಪೋಸ್ಟ್‌ಮ್ಯಾನ್ ಬಂದಾಗ ನಾನು ತೆಗೆದುಕೊಳ್ಳುವ ಅಂದೆ. ಇವರು ಬೇಡ ಅಂದರು. ನಿಮ್ಮ ಹುಡುಗಿ ಬಂದಾಗ ನಾನು ಒಳಗೆ ಇದ್ದೆ, ಚಾ ಮಾಡ್ತಾ ಇದ್ದೆ. ನನ್ನ ಹತ್ತಿರ ಅವರು ಎಂತ ಕೂಡ ಕೇಳಲಿಲ್ಲ."

ಕಾರ್ಯಕರ್ತೆಯ ತಪ್ಪು ಅಂತ ಹೇಳುವುದು ಸುಲಭ. ಅವರು ಹೊಸಬರು. ಬರೆಯಬೇಕಾದ್ದನ್ನು ಬರೆದಿದ್ದರು ಕೂಡ. ಓದಬೇಕಾದವಳು ನಾನು. ಸಮನ್ಸಿಗೆ ಉತ್ತರ ಕೊಡಲು ಕಾನೂನಿನಲ್ಲಿ 30 ದಿನ ಉಂಟು, ಕೋರ್ಟು ಒಪ್ಪಿದರೆ 90 ದಿನದ ತನಕ. ನಾನು ಆ ಶನಿವಾರ ಒಂದು ಸಾಲು ಓದಿದ್ದರೆ ಸೋಮವಾರ ವಕೀಲರು ವಕಾಲತ್ತು ಹಾಕುತ್ತಿದ್ದರು. ಕೇಸು ಗೆಲ್ಲುತ್ತಿದ್ದೆವು ಅಂತ ಹೇಳುವುದಿಲ್ಲ. ಆದರೆ ಅವರ ಮಾತನ್ನು ಕೋರ್ಟು ಕೇಳುತ್ತಿತ್ತು.

ಆಮೇಲೆ ನಮ್ಮ ಡೈರಿಯಲ್ಲಿ ಎರಡು ಕಾಲಂ ಹೆಚ್ಚು ಮಾಡಿದೆವು. ಅಂಚೆಯಲ್ಲಿ ಯಾವ ಕಾಗದ ಬಂದಿದೆ ಎನ್ನುವುದಕ್ಕೆ ಒಂದು. ಮನೆಯ ಹೆಂಗಸು ಏನು ಹೇಳಿದರು ಎನ್ನುವುದಕ್ಕೆ ಇನ್ನೊಂದು. ಆ ಎರಡು ಖಾಲಿ ಇದ್ದರೆ ನಾನು ಸಹಿ ಹಾಕುವುದಿಲ್ಲ. ಕಾರ್ಯಕರ್ತೆ ಪುನಃ ಆ ಮನೆಗೆ ಹೋಗಬೇಕು, ಬಸ್ಸಿನಿಂದ ಇಳಿದು ಮೂರು ಕಿಲೋಮೀಟರ್ ಗುಡ್ಡೆ ಹತ್ತುವ ದಾರಿ ಆದರೂ ಹೋಗಬೇಕು. ಅವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ.

ಈಗ ಸ್ವಲ್ಪ ಹಿಂದಿನ ವಿಷಯ. ನಮ್ಮ ಕರಾವಳಿಯಲ್ಲಿ ಗೇಣಿ, ಒಕ್ಕಲು ಎನ್ನುವ ಮಾತು ಇಷ್ಟು ವರ್ಷ ಆದರೂ ಯಾಕೆ ಮುಗಿಯಲಿಲ್ಲ ಅಂತ ಎಳೆಯ ಸದಸ್ಯೆಯರು ಕೇಳುತ್ತಾರೆ. ಹಿರಿಯರಿಗೆ ಗೊತ್ತುಂಟು, ಮೂಲಗೇಣಿ, ಚಾಲಗೇಣಿ ಎಂದು ಎರಡು ಇತ್ತು. ಮೂಲಗೇಣಿಯವರು ಶಾಶ್ವತ. ಚಾಲಗೇಣಿಯವರನ್ನು ಧನಿಗಳು ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆದು ಕೊಟ್ಟು, ತೆಂಗಿನಕಾಯಿ, ಬಾಳೆಗೊನೆ ಹೊತ್ತುಕೊಂಡು ಹೋಗಿ ಧನಿಗಳ ಜಗಲಿಯ ಕೆಳಗೆ ನಿಲ್ಲಬೇಕಿತ್ತು. ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ 1961ರ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. 1974ರ ಮಾರ್ಚ್ 1ರಂದು ಗೇಣಿ ಜಾಗ ಎಲ್ಲ ಸರಕಾರಕ್ಕೆ ಸೇರಿತು. ಗೇಣಿ ಮಾಡುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯಿಂದ ಜಾಗ ತಮ್ಮ ಹೆಸರಿಗೆ ಮಾಡಿಕೊಳ್ಳಬಹುದಿತ್ತು. ಇದನ್ನೇ ನಮ್ಮ ಕಡೆ "ಡಿಕ್ಲರೇಶನ್ ಹಾಕಿದ್ದು" ಅನ್ನುತ್ತಾರೆ. ಕೊನೆಯ ದಿನ 1979ರ ಜೂನ್ 30. ಈ ಸಭೆಯಲ್ಲಿ ಇರುವವರಲ್ಲಿ ಎಷ್ಟೋ ಮಂದಿ ಊಟ ಮಾಡುವುದು ಡಿಕ್ಲರೇಶನಿನಲ್ಲಿ ಸಿಕ್ಕಿದ ಗದ್ದೆಯ ಅಕ್ಕಿ.

ಆದರೆ ಹಾಕದೆ ಇದ್ದವರೂ ಇದ್ದರು. "ಧನಿಗಳ ಅನ್ನ ತಿಂದವರು ನಾವು, ಅವರ ಮೇಲೆ ಡಿಕ್ಲರೇಶನ್ ಹಾಕುವುದಾ?" ಅಂತ ಸುಮ್ಮನೆ ಕೂತವರು. ಓದು ಬಾರದವರು. ಹೆದರಿದವರು. "ನೀನು ಹಾಕಬೇಡ, ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ" ಅಂತ ಧನಿಗಳು ಹೇಳಿದ ಬಾಯಿ ಮಾತನ್ನು ನಂಬಿದವರು. ಆ ಧನಿಗಳು ಇರುವ ತನಕ ಮಾತು ಉಳಿಯಿತು ಕೂಡ. ಅವರ ಮೊಮ್ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ, ಅವರಿಗೆ ಆ ಮಾತಿನ ನೆನಪು ಎಲ್ಲಿಂದ? 1998ರಲ್ಲಿ ನಮೂನೆ 7ಎ ಅಂತ ಇನ್ನೊಂದು ಅವಕಾಶ ಬಂದಿತ್ತು. ಅದೂ ತುಂಬ ಮಂದಿಗೆ ಗೊತ್ತಾಗಲಿಲ್ಲ. ಕೃಷಿ ಕೂಲಿ ಮಾಡಿಕೊಂಡು ಬೇರೆಯವರ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೂ ಅದೇ ಕಾಯ್ದೆಯ 38ನೇ ಕಲಂನಲ್ಲಿ ಮನೆಯಡಿ ಜಾಗ ಕೇಳುವ ದಾರಿ ಇತ್ತು.

ಇಲ್ಲಿ ಒಂದು ಕಹಿ ಮಾತು ಹೇಳಬೇಕು. 1974ರ ನಂತರ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ಕಾನೂನಿಗೆ ವಿರುದ್ಧ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆದರೂ ನಮ್ಮ ಊರುಗಳಲ್ಲಿ ಬಾಯಿ ಮಾತಿನಲ್ಲಿ ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ. ಹಾಗೆ ಮಾಡುವ ಹೆಂಗಸು ಗದ್ದೆಯಲ್ಲಿ ಇದ್ದಾಳೆ, ಕಾಗದದಲ್ಲಿ ಇಲ್ಲ. ಅವಳಿಗೆ "ನೀನು ಗೇಣಿದಾರಳು, ನಿನಗೆ ಜಾಗ ಸಿಗುತ್ತದೆ" ಅಂತ ಹೇಳಿದರೆ ಅದು ಮೋಸ. ನಮ್ಮ ಒಬ್ಬ ಕಾರ್ಯಕರ್ತೆ ಪಾಪ, ಅಳುವವರನ್ನು ನೋಡಲು ಆಗದೆ "ಖಂಡಿತ ಸಿಗ್ತದೆ ಅಕ್ಕ" ಅಂತ ಹೇಳಿ ಬಂದಿದ್ದರು. ನಾನು ಮರುದಿನ ಅವರನ್ನೇ ಕರೆದುಕೊಂಡು ಆ ಮನೆಗೆ ಹೋಗಿ, ಆ ಮಾತನ್ನು ಅವರ ಬಾಯಿಂದಲೇ ವಾಪಸ್ ತೆಗೆಸಿದೆ. ಬಸ್ಸಿನಲ್ಲಿ ಅವರು ನನ್ನ ಪಕ್ಕ ಕೂರಲಿಲ್ಲ. ಆದರೆ ಸುಳ್ಳು ಆಸೆಯ ಮೇಲೆ ಸಾಲ ಮಾಡಿ ಮನೆಗೆ ಹಂಚು ಬದಲಿಸಿದವರನ್ನು ನಾನು ನೋಡಿದ್ದೇನೆ.

ಹಾಗಾದರೆ ಅವರಿಗೆ ಏನೂ ಇಲ್ಲವಾ? ಉಂಟು. ಯಾರೇ ಆಗಲಿ ತುಂಬ ಕಾಲದಿಂದ ಒಂದು ಜಾಗದಲ್ಲಿ ನೆಲೆಯಾಗಿ ಇದ್ದರೆ, ಜಾಗದ ಯಜಮಾನ ಕೂಡ ಅವರನ್ನು ಕೈಬಲದಿಂದ ಎಬ್ಬಿಸುವ ಹಾಗಿಲ್ಲ, ಕಾನೂನಿನ ದಾರಿಯಲ್ಲೇ ಹೋಗಬೇಕು. 2003ರ ಕೊನೆಗೆ ನಮ್ಮ ರಾಜ್ಯದಿಂದಲೇ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿದೆ. ಕೋರ್ಟಿನ ಆರ್ಡರ್ ಇಲ್ಲದೆ ಯಾರಾದರೂ ಬೀಗ ಒಡೆದು, ಸಾಮಾನು ಹೊರಗೆ ಹಾಕಿ ನಿಮ್ಮನ್ನು ಎಬ್ಬಿಸಿದರೆ, ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಕೇಳಬಹುದು. ಆಗ ಜಾಗ ಯಾರದ್ದು ಅನ್ನುವ ಪ್ರಶ್ನೆ ಬರುವುದಿಲ್ಲ, ಯಾರು ಅಲ್ಲಿದ್ದರು, ಯಾರು ಎಬ್ಬಿಸಿದರು ಅನ್ನುವುದು ಮಾತ್ರ ಬರುತ್ತದೆ. ಆರು ತಿಂಗಳು ದಾಟಿದರೆ ಆ ದಾರಿ ಮುಚ್ಚಿತು. ಸರಕಾರದ ಮೇಲೆ ಈ ದಾರಿ ನಡೆಯುವುದಿಲ್ಲ, ಅದೂ ಗೊತ್ತಿರಲಿ. ತಿಂಗಳ ಬಾಡಿಗೆಗೆ ಇರುವವರಿಗೆ 15 ದಿನದ ನೋಟೀಸು ಕೊಡುತ್ತಾರೆ. 16ನೇ ದಿನ ನೀವು ಬೀದಿಗೆ ಇಳಿಯಬೇಕು ಅಂತ ಅದರ ಅರ್ಥ ಅಲ್ಲ. ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಬೇಕು.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಗಳಿಗೇ ವಿಶೇಷ. ಕುಮ್ಕಿ. ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗ ಅದು. ಸೊಪ್ಪು, ಹುಲ್ಲು, ಕಟ್ಟಿಗೆ ತೆಗೆಯುವ ಸವಲತ್ತು ವರ್ಗದವರಿಗೆ ಉಂಟು, ಜಾಗ ಮಾತ್ರ ಸರಕಾರದ್ದು. ಅಲ್ಲಿ ಗುಡಿಸಲು ಹಾಕಿ ಮೂವತ್ತು ವರ್ಷ ಧನಿಗಳಿಗೆ ಗೇಣಿ ಅಂತ ಕೊಟ್ಟುಕೊಂಡು, ಅವರ ಮನೆಗೆ ಬಿಟ್ಟಿ ಕೆಲಸ ಮಾಡಿಕೊಂಡು ಬಂದವರು ನಮ್ಮ ಕಚೇರಿಗೆ ಬಂದಿದ್ದಾರೆ. ಆರ್‌ಟಿಸಿ ತೆಗೆದು ನೋಡಿದರೆ ಜಾಗ ಧನಿಗಳದ್ದೇ ಅಲ್ಲ! ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ 94ಸಿ ಕಲಂನಲ್ಲಿ ಸಕ್ರಮ ಮಾಡಿಸುವ ದಾರಿ ಬಂದ ಮೇಲೆ ಕೆಲವರಿಗೆ ಹಕ್ಕುಪತ್ರ ಸಿಕ್ಕಿತು. ಕುಮ್ಕಿಯಲ್ಲಿ ಅದು ಅಷ್ಟು ಸುಲಭ ಅಲ್ಲ, ವರ್ಗದವರ ತಕರಾರು ಬಂದೇ ಬರುತ್ತದೆ. ಆದರೂ ಮೊದಲು ಸರ್ವೆ ನಂಬ್ರ ಹಿಡಿದು ಆರ್‌ಟಿಸಿ ತೆಗೆಸಿ. ನಾಡಕಚೇರಿಯಲ್ಲಿ ಸಿಗುತ್ತದೆ. ಯಾರ ಜಾಗ ಅಂತಲೇ ಗೊತ್ತಿಲ್ಲದೆ ಯಾರ ಹತ್ತಿರ ಜಗಳ ಮಾಡುವುದು?

ಈಗ ಇನ್ನೊಂದು ಮನೆಯ ವಿಷಯ ಹೇಳುತ್ತೇನೆ. ಆ ಅಕ್ಕ ಇಲ್ಲೇ ಕೂತಿದ್ದಾರೆ. ವಿಷಯ ಹೇಳಿ, ಹೆಸರು ಬೇಡ ಅಂದಿದ್ದಾರೆ. ಯಾರೂ ತಿರುಗಿ ತಿರುಗಿ ನೋಡಬೇಡಿ.

ಬೀಡಿ ಕಟ್ಟುವವರು. ಅವರ ಮಾವ ಡಿಕ್ಲರೇಶನ್ ಹಾಕದೆ ಸುಮ್ಮನೆ ಕೂತವರಲ್ಲಿ ಒಬ್ಬರು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿ ಆಯಿತಲ್ಲ, 79ಎ, 79ಬಿ ಕಲಂ ತೆಗೆದುಹಾಕಿದರು. ಕೃಷಿಕರಲ್ಲದವರೂ ಕೃಷಿ ಜಾಗ ಕೊಳ್ಳಬಹುದು ಅಂತ ಆಯಿತು. ಪೇಟೆಯ ಪಾರ್ಟಿಗಳು ಬರತೊಡಗಿದರು. ಮನೆ ಇದ್ದ ಜಾಗ ಖಾಲಿ ಇದ್ದರೆ ಒಂದು ರೇಟು, ಒಕ್ಕಲು ಇದ್ದರೆ ಇನ್ನೊಂದು ರೇಟು. ಧನಿಗಳ ಮನೆಯ ಕಿರಿಯರು ಕಾರಿನಲ್ಲಿ ಬಂದರು. ಒಳ್ಳೆಯ ಮಾತಿನಲ್ಲೇ ಬಂದರು, ಮಕ್ಕಳಿಗೆ ಸ್ವೀಟು ತಂದರು. "ಬ್ಯಾಂಕಿನ ಕೆಲಸ ಉಂಟು ಅಕ್ಕ, ನಿಮ್ಮದೂ ಅಣ್ಣನದೂ ಒಂದು ಸಹಿ ಬೇಕು" ಅಂದರು. ಗಂಡ ಪೆನ್ನು ಹಿಡಿದೂ ಆಗಿತ್ತು. ಈ ಅಕ್ಕ ಆಗ ಅವರ ಸಂಘದ ಖಜಾಂಚಿ. ಎಂತ ಹೇಳಿದರು ಗೊತ್ತುಂಟಾ? "ನಮ್ಮ ಸಂಘದಲ್ಲಿ ಓದದೆ ಸಹಿ ಹಾಕಿದರೆ ಹತ್ತು ರೂಪಾಯಿ ದಂಡ. ಕಾಗದ ಇಟ್ಟು ಹೋಗಿ, ಮುಂದಿನ ವಾರ ಬನ್ನಿ." ಅವರು ಕಾಗದ ಇಟ್ಟು ಹೋಗಲು ಒಪ್ಪಲಿಲ್ಲ. ಆಗ ಅಕ್ಕನ ಮಗಳು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಳು.

ಆ ಛಾಪಾ ಕಾಗದದಲ್ಲಿ ಇದ್ದದ್ದು ಇಷ್ಟು: ನಾವು ಈ ಜಾಗದಲ್ಲಿ ತೋಟ ನೋಡಿಕೊಳ್ಳುವ ಕೆಲಸಕ್ಕೆ ಮಾತ್ರ ಇದ್ದೇವೆ, ಯಾವ ಹಕ್ಕೂ ಇಲ್ಲ, ಕೇಳಿದ ಕೂಡಲೇ ಬಿಟ್ಟುಕೊಡುತ್ತೇವೆ. ಇದರಲ್ಲಿ ಎಷ್ಟು ವಿಷ ಉಂಟು ಅಂತ ನಿಮಗೆ ಗೊತ್ತಾಗಬೇಕು. 2012ರಲ್ಲಿ ಗೋವಾದ ಒಂದು ಮನೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಕಾವಲಿನವರು, ನೋಡಿಕೊಳ್ಳುವವರು, ಕೆಲಸದವರು ಎಷ್ಟೇ ವರ್ಷ ಇದ್ದರೂ ಆ ಜಾಗದ ಮೇಲೆ ಅವರಿಗೆ ಹಕ್ಕು ಬರುವುದಿಲ್ಲ. ನಾನು ಆಗ ಹೇಳಿದೆನಲ್ಲ, ನೆಲೆಯಾಗಿ ಇದ್ದವರಿಗೆ ರಕ್ಷಣೆ ಅಂತ, ಆ ರಕ್ಷಣೆಯನ್ನು ಈ ಒಂದು ಸಹಿ ತೆಗೆದುಬಿಡಬಹುದು. ಒಕ್ಕಲಾಗಿ ಇದ್ದವರು ಸಹಿ ಹಾಕಿದ ಗಳಿಗೆಯಿಂದ ಕಾಗದದಲ್ಲಿ ಕೆಲಸದವರಾಗುತ್ತಾರೆ.

ಅವರು ಮರುದಿನವೇ ಕಚೇರಿಗೆ ಬಂದರು. ಕಾರ್ಯಕರ್ತೆ ಅವರ ಜೊತೆ ಮನೆಗೆ ಹೋಗಿ ಟ್ರಂಕು ತೆರೆಸಿದರು. ಗಂಡನ ಪ್ರಕಾರ ಮನೆಯಲ್ಲಿ ಯಾವ ಕಾಗದವೂ ಇಲ್ಲ. ಹೆಂಡತಿಯ ಸೀರೆಯ ಅಡಿಯಲ್ಲಿ ಏನೇನು ಇತ್ತು ನೋಡಿ. ಪಂಚಾಯತಿಗೆ ಕಟ್ಟಿದ ಮನೆ ತೆರಿಗೆಯ ರಶೀದಿಗಳು. ಹಳೆಯ ರೇಶನ್ ಕಾರ್ಡು. ಬೀಡಿ ಕಾರ್ಮಿಕರ ಗುರುತಿನ ಚೀಟಿ. ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿದ ಕಾರ್ಡು, ಅದರಲ್ಲಿ ಮನೆಯ ವಿಳಾಸ. ಶಾಲೆಗೆ ಸೇರಿಸಿದ ಕಾಗದ. ಕರೆಂಟಿನ ಬಿಲ್ಲು ಧನಿಗಳ ಹೆಸರಲ್ಲಿ ಇತ್ತು, ಅದರಿಂದ ಪ್ರಯೋಜನ ಆಗಲಿಲ್ಲ. ಕೊನೆಗೆ ನಮ್ಮ ವಕೀಲರು ಕೇಳಿದರು, "ನಿಮ್ಮ ಸಂಘದ ನಿರ್ಣಯ ಪುಸ್ತಕ ಎಲ್ಲಿ?"

ಅಕ್ಕಂದಿರೇ, ಅವರ ಸಂಘ 2006ರಿಂದ ಇದೆ. ವಾರದ ಸಭೆ ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ. ಪ್ರತಿ ಸಭೆಯ ತಲೆಬರಹದಲ್ಲಿ "ಈ ದಿನದ ಸಭೆಯನ್ನು ಇಂಥವರ ಮನೆಯಲ್ಲಿ ಇಷ್ಟು ಗಂಟೆಗೆ ಸೇರಲಾಯಿತು" ಅಂತ ಬರೆದು, ಕೆಳಗೆ ಎಲ್ಲರ ಸಹಿ. ಆ ಮನೆಯಲ್ಲಿ ಹದಿನೈದು ವರ್ಷದಿಂದ ಸಭೆ ನಡೆದದ್ದು ಆ ಪುಸ್ತಕಗಳಲ್ಲಿ ಸಾಲು ಸಾಲಾಗಿ ಉಂಟು. ಒಂದು ಕಡೆ "ಮಳೆಗೆ ಹಂಚು ಹಾರಿದ್ದರಿಂದ ದುರಸ್ತಿಗೆ ಇವರಿಗೆ ಎರಡು ಸಾವಿರ ಸಾಲ ಕೊಡಲು ತೀರ್ಮಾನಿಸಲಾಯಿತು" ಅಂತಲೂ ಇತ್ತು. ತೋಟ ನೋಡಿಕೊಳ್ಳುವ ಆಳು ಧನಿಗಳ ಮನೆಯ ಹಂಚು ರಿಪೇರಿಗೆ ಸಂಘದಿಂದ ಸಾಲ ಯಾಕೆ ಮಾಡುತ್ತಾನೆ? ನಿರ್ಣಯ ಪುಸ್ತಕ ಒಂದೇ ಸಾಕು ಅಂತ ನಾನು ಹೇಳುವುದಿಲ್ಲ, ಅದರಿಂದ ಜಾಗ ನಿಮ್ಮದಾಗುವುದೂ ಇಲ್ಲ. ಆದರೆ ಯಾವ ಕೇಸನ್ನೂ ನೆನೆಸದೆ ವಾರ ವಾರ ಬರೆದ ಪುಸ್ತಕಕ್ಕೆ, ಬೇರೆ ಕಾಗದಗಳ ಜೊತೆ ಇಟ್ಟಾಗ, ಒಂದು ತೂಕ ಬರುತ್ತದೆ. "ನಿರ್ಣಯ ಬರೆಯುವುದು ದೊಡ್ಡ ಕರಕರೆ" ಅಂತ ದೂರುವವರು ಇದನ್ನು ಕೇಳಿಸಿಕೊಳ್ಳಿ. ತಾರೀಕು ಹಾಕದೆ ಬರೆಯುವ ಸಂಘಗಳೂ ಉಂಟು, ಯಾವ ಸಂಘ ಅಂತ ಇಲ್ಲಿ ಹೇಳುವುದಿಲ್ಲ.

ತಡೆಯಾಜ್ಞೆ ಸಿಕ್ಕಿತು. ಕೇಸು ಮೂರು ವರ್ಷ ನಡೆಯಿತು. ಈ ಮೂರು ವರ್ಷದ ಕಷ್ಟವನ್ನು ಸಣ್ಣದು ಮಾಡಿ ಹೇಳಬಾರದು. ಪ್ರತಿ ವಾಯಿದೆಗೆ ಒಂದು ದಿನದ ಬೀಡಿ ಹೋಗುತ್ತದೆ. ಹೋದರೆ "ಮುಂದಿನ ತಿಂಗಳು ಬನ್ನಿ". ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕತೆ ಉಂಟಲ್ಲ, ನ್ಯಾಯಾಧೀಶನ ಹತ್ತಿರ ಮತ್ತೆ ಮತ್ತೆ ಹೋದವಳು. ಮೊದಲು ನಾನು ಅದನ್ನು ಪ್ರಾರ್ಥನೆಯ ಕತೆ ಅಂತ ಮಾತ್ರ ಓದುತ್ತಿದ್ದೆ. ಈಗ ಓದುವಾಗ, ಅವಳ ಬಸ್ಸಿನ ದುಡ್ಡು ಯಾರು ಕೊಟ್ಟರು, ಅವಳು ಹೋದ ದಿನ ಮನೆಯಲ್ಲಿ ಮಕ್ಕಳಿಗೆ ಯಾರು ಬಡಿಸಿದರು ಅಂತ ಯೋಚನೆ ಬರುತ್ತದೆ. ಈ ಅಕ್ಕನಿಗೆ ಸಂಘದವರು ಕೊಟ್ಟರು. ವಾಯಿದೆಯ ಮುಂಚಿನ ರಾತ್ರಿ ನಾಲ್ಕು ಮಂದಿ ಕೂತು ಅವರ ಬೀಡಿಯನ್ನೂ ಕಟ್ಟಿ ಕೊಟ್ಟರು.

ಕೊನೆಗೆ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು. ಮನೆ ಮತ್ತು ಸುತ್ತಲಿನ ಎಂಟು ಸೆಂಟ್ಸು ಜಾಗ ಈ ಅಕ್ಕನ ಹೆಸರಿಗೆ ರಿಜಿಸ್ಟ್ರಿ. ತೆಂಗಿನ ತೋಟ ಬಿಟ್ಟುಕೊಡಬೇಕು. ನಮ್ಮ ವಕೀಲರಿಗೆ ಮನಸ್ಸಿರಲಿಲ್ಲ, ಹೋರಾಡಿದರೆ ಹೆಚ್ಚು ಸಿಗಬಹುದು ಅಂದರು. ಲೋಕ ಅದಾಲತ್ತಿನ ರಾಜಿಗೆ ಅಪೀಲು ಇಲ್ಲ, ಒಮ್ಮೆ ಸಹಿ ಹಾಕಿದರೆ ಮುಗಿಯಿತು. ಅದನ್ನು ಮೂರು ಸಲ ಅವರಿಗೆ ಹೇಳಬೇಕು, ನಿರ್ಧಾರ ಅವರೇ ಮಾಡಬೇಕು ಅಂತ ನಾನು ಹೇಳಿದೆ. ಎರಡು ವಾರ ತೆಗೆದುಕೊಂಡರು. ಒಪ್ಪಿದರು. ಅವರ ಗಂಡ ಇವತ್ತಿಗೂ ನನ್ನನ್ನು ಕಂಡರೆ "ಅಪ್ಪ ನೆಟ್ಟ ತೆಂಗು ಹೋಯಿತು" ಅನ್ನುತ್ತಾರೆ. ಅದು ಸುಳ್ಳಲ್ಲ. ಬೇಲಿಯ ಆಚೆ ಆ ಮರಗಳನ್ನು ಕಡಿದದ್ದನ್ನು ಅವರು ನೋಡಿದ್ದಾರೆ. ಸರಿ ಮಾಡಿದೆವಾ ಅಂತ ನನಗೂ ಕೆಲವು ರಾತ್ರಿ ಅನಿಸುವುದುಂಟು.

ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ಕಾಡಿದ್ದು. ಒಂದೇ ಸಂಘದ ಇಬ್ಬರು ಸದಸ್ಯೆಯರು. ಒಬ್ಬರು ಜಾಗದ ಯಜಮಾನಿ, ಇನ್ನೊಬ್ಬರು ಅವರ ಹಿತ್ತಲಿನ ಮನೆಯಲ್ಲಿ ಬಾಡಿಗೆಗೆ ಇರುವವರು. ಯಜಮಾನಿಯೇನೂ ಶ್ರೀಮಂತರಲ್ಲ, ವಿಧವೆ, ಆ ಬಾಡಿಗೆಯಲ್ಲೇ ಮಗಳ ಕಾಲೇಜು ಫೀಸು. ಬಾಡಿಗೆಯವರು ಒಂದು ವರ್ಷದಿಂದ ಕೊಟ್ಟಿಲ್ಲ. ಇಬ್ಬರೂ ನಮ್ಮ ಕಚೇರಿಗೆ ಬಂದರು, ಒಂದೇ ದಿನ. ಕಾರ್ಯಕರ್ತೆಯರು ಎಲ್ಲ ಬಾಡಿಗೆಯವರ ಕಡೆ. ಬಡವರ ಕಡೆ ನಿಲ್ಲಬೇಕು ಅಂತ ತಾನೇ ನಾವು ಕಲಿಸಿದ್ದು! ನಾನು ಹೇಳಿದೆ, ಇಲ್ಲಿ ಬಡವರು ಎರಡೂ ಕಡೆ ಇದ್ದಾರೆ, ಒಂದೇ ತಂಡ ಎರಡು ಕಡೆ ನಿಲ್ಲಲು ಆಗುವುದಿಲ್ಲ. ಬಾಡಿಗೆಯವರ ಕಾಗದ ನಾವು ನೋಡಿದೆವು. ಯಜಮಾನಿಯನ್ನು ನಾನೇ ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಸಂಘ ಒಡೆಯಲಿಲ್ಲ. ಆದರೆ ಇಬ್ಬರೂ ಈಗ ಬೇರೆ ಬೇರೆ ಚಾಪೆಯಲ್ಲಿ ಕೂರುತ್ತಾರೆ.

ಆ ಸಮಿತಿಯ ಬಗ್ಗೆ ಎರಡು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ ಹಾಗೆಯೇ. ಕೋರ್ಟು ಶುಲ್ಕವೂ ಇಲ್ಲ. ಸಮಿತಿಯ ಕಚೇರಿ ತಾಲೂಕಿನ ಕೋರ್ಟಿನ ಆವರಣದಲ್ಲೇ ಇರುತ್ತದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟರೆ ಸಾಕು. 15100 ನಂಬ್ರಕ್ಕೆ ಫೋನ್ ಮಾಡಿಯೂ ಕೇಳಬಹುದು. ನಮ್ಮ ಸಂಸ್ಥೆಗೇ ಬರಬೇಕು ಅಂತ ಇಲ್ಲ. ಇಲ್ಲಿಗೆ ಬರಲು ಎರಡು ಬಸ್ಸು ಬದಲಿಸಬೇಕಾದವರು ಅಲ್ಲಿಗೇ ಹೋಗಿ. ಕೊಟ್ಟ ವಕೀಲರು ಸರಿಯಾಗಿ ನೋಡದಿದ್ದರೆ ಸಮಿತಿಗೆ ಬರೆದುಕೊಟ್ಟು ಬದಲಿಸಿ ಅಂತ ಕೇಳಬಹುದು. ನಾಚಿಕೆ ಬೇಡ. ಅದು ದಾನ ಅಲ್ಲ.

ಹೊತ್ತಾಯಿತು, ಅಡುಗೆಯವರು ಬಾಗಿಲಲ್ಲಿ ನಿಂತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಸಹಿ ಕೇಳಿ ಕೊಡುವ ಯಾವ ಅಂಚೆ ಬಂದರೂ ತೆಗೆದುಕೊಳ್ಳಿ, ಕವರನ್ನೂ ಬಿಸಾಡಬೇಡಿ, ಬಂದ ತಾರೀಕು ಅದರ ಮೇಲೆ ಇರುತ್ತದೆ. ವಕೀಲರ ನೋಟೀಸು ಬೇರೆ, ಕೋರ್ಟಿನ ಸಮನ್ಸ್ ಬೇರೆ. ಸಮನ್ಸಿನಲ್ಲಿ ಕೋರ್ಟಿನ ಮೊಹರು, ಕೇಸಿನ ನಂಬ್ರ, ಹಾಜರಾಗುವ ತಾರೀಕು ಇರುತ್ತದೆ. ವ್ಯತ್ಯಾಸ ಗೊತ್ತಾಗದಿದ್ದರೆ ಓದು ಬರುವವರ ಹತ್ತಿರ ಅದೇ ದಿನ ಓದಿಸಿ. ಮೂಲ ಕಾಗದ ಯಾರ ಕೈಗೂ ಕೊಡಬೇಡಿ. ನಮ್ಮ ಕಾರ್ಯಕರ್ತೆ ಕೇಳಿದರೂ ಜೆರಾಕ್ಸ್ ಕೊಡಿ. ಕೋರ್ಟಿಗೆ ಮೂಲವೇ ಬೇಕಾದರೆ ವಕೀಲರಿಂದ ಬರೆಸಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ಖಾಲಿ ಕಾಗದಕ್ಕೆ ಸಹಿ ಕೇಳಿದವರು ಅಣ್ಣನಾದರೂ ಬೇಡ. ಪೊಲೀಸರು "ಇದು ಸಿವಿಲ್ ವಿಷಯ" ಅಂದರೆ, ಸಾಮಾನು ಹೊರಗೆ ಹಾಕಿದ್ದು, ಬೆದರಿಸಿದ್ದು ಸಿವಿಲ್ ಅಲ್ಲ ಅಂತ ಹೇಳಿ, ದೂರು ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಬ್ಬರೇ ಹೋಗಬೇಡಿ, ಸಂಘದ ನಾಲ್ಕು ಮಂದಿ ಹೋಗಿ.

ಮುಂದಿನ ತಿಂಗಳಿನಿಂದ ನಮ್ಮ ಕಾರ್ಯಕರ್ತೆಯರು ಪ್ರತಿ ಸಂಘದ ಒಂದು ವಾರದ ಸಭೆಗೆ ಬರುತ್ತಾರೆ. ಯಾವ ವಾರ ಅಂತ ನಿಮ್ಮ ವಲಯದ ಸಂಯೋಜಕಿಯರು ತಿಳಿಸುತ್ತಾರೆ. ಅವತ್ತು ಬರುವಾಗ ಟ್ರಂಕಿನಲ್ಲಿ ಇರುವ ಎಲ್ಲ ಕಾಗದ ತನ್ನಿ, ಚುಚ್ಚುಮದ್ದಿನ ಕಾರ್ಡು ಕೂಡ. ಹರಿದದ್ದಾದರೂ ತನ್ನಿ. ಗಂಡಂದಿರಿಗೂ ಬರಲು ಹೇಳಿ, ಚಾ ಉಂಟು. ಈಗ ಊಟಕ್ಕೆ ಏಳೋಣ. ಪ್ರಶ್ನೆ ಇರುವವರು ಊಟದ ನಂತರ ಆ ಮಾವಿನ ಮರದ ಅಡಿಗೆ ಬನ್ನಿ, ನಾನು ನಾಲ್ಕು ಗಂಟೆಯ ತನಕ ಅಲ್ಲೇ ಇರುತ್ತೇನೆ.